ಕೈ ಸರಿಹೋಯಿತು, ಹೊಟ್ಟೆ ತುಂಬಲಿಲ್ಲ: ವೆಲ್ಲೂರಿನ ಒಂದು ಪ್ರಕರಣ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ 1948ರ ಸುಮಾರಿಗೆ ಒಂದು ಹೊಸ ಕೆಲಸ ಶುರುವಾಯಿತು. ಕುಷ್ಠರೋಗದಿಂದ ಬೆರಳು ಮಡಚಿಹೋದವರ ಕೈಗೆ ಶಸ್ತ್ರಚಿಕಿತ್ಸೆ ಮಾಡಿ, ಬೆರಳುಗಳು ಮತ್ತೆ ಬಿಚ್ಚಿಕೊಳ್ಳುವ ಹಾಗೆ ಮಾಡಿದರು. ಕೈ ಸರಿಹೋಯಿತು. ರೋಗಿಗಳು ಆಸ್ಪತ್ರೆ ಬಿಟ್ಟು ಹೊರಟರು. ಸ್ವಲ್ಪ ಕಾಲದ ಮೇಲೆ ಅವರಲ್ಲಿ ಕೆಲವರು ತಿರುಗಿ ಬಂದರು. ಅವರ ದೂರು ಇಷ್ಟೇ: ಕೈ ಚೆನ್ನಾಗಿ ಕಾಣುತ್ತದೆ ಅಂತ ಈಗ ಯಾರೂ ಭಿಕ್ಷೆ ಹಾಕುವುದಿಲ್ಲ, ಕುಷ್ಠ ಬಂದವರು ಅಂತ ಯಾರೂ ಕೆಲಸವನ್ನೂ ಕೊಡುವುದಿಲ್ಲ.

ಕ್ರಿಸ್ತನ ಹೆಸರಿನಲ್ಲಿ ಸೇವೆ ಮಾಡಬೇಕು ಅನ್ನುವ ಪ್ರತಿಯೊಬ್ಬರೂ ಈ ದೂರಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು ಅಂತ ನನಗೆ ಅನ್ನಿಸುತ್ತದೆ. ನಮ್ಮ ಸಭೆಗಳಲ್ಲಿ ಸೇವೆಗೆ ಕೊರತೆ ಇಲ್ಲ. ಕಂಬಳಿ ಹಂಚುತ್ತೇವೆ, ಅಕ್ಕಿ ಕೊಡುತ್ತೇವೆ, ಆಸ್ಪತ್ರೆಯಲ್ಲಿ ಪ್ರಾರ್ಥನೆ ಮಾಡುತ್ತೇವೆ. ಆದರೆ ಸಹಾಯ ಪಡೆದವರು ಆಮೇಲೆ ಎಲ್ಲಿಗೆ ಹೋದರು, ಏನು ತಿಂದರು ಅಂತ ನೋಡುವುದು ಅಪರೂಪ. ವೆಲ್ಲೂರಿನಲ್ಲಿ ಅದನ್ನು ನೋಡಿದರು. ನೋಡಿದ ಮೇಲೆ ತಮ್ಮ ಕೆಲಸದ ರೀತಿಯನ್ನೇ ಬದಲಾಯಿಸಿಕೊಂಡರು. ಈ ಪ್ರಕರಣದ ತಿರುಳು ಇರುವುದು ಅಲ್ಲೇ.

ಆಗಿನ ಪರಿಸ್ಥಿತಿ

ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು. ಅದು ಶಾಪವಲ್ಲ, ರೋಗ ಅನ್ನುವುದು ಗೊತ್ತಾಗಿತ್ತು. ಆದರೂ ಕಾನೂನು ಅವರನ್ನು ಹೊರಗಿಡುವ ಕಡೆಗೇ ಇತ್ತು. 1898ರ ಕುಷ್ಠರೋಗಿಗಳ ಕಾಯ್ದೆಯ ಪ್ರಕಾರ, ರೋಗ ಇದ್ದು ಭಿಕ್ಷೆ ಬೇಡುವ ಬಡವರನ್ನು ಪೊಲೀಸರು ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು.

ಕ್ರೈಸ್ತ ಮಿಷನರಿಗಳು ಈ ಜನರ ನಡುವೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದರು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಇವರಿಗಾಗಿ ಆಶ್ರಯಧಾಮ ಕಟ್ಟಿದ್ದರು. ಇಂಥ ಕಡೆಗಳಲ್ಲಿ ಊಟ ಸಿಗುತ್ತಿತ್ತು, ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು, ಸತ್ತರೆ ಗೌರವದಿಂದ ಮಣ್ಣು ಮಾಡುತ್ತಿದ್ದರು. ಮದ್ದೇ ಇಲ್ಲದ ಕಾಲದಲ್ಲಿ ಅದು ದೊಡ್ಡ ಮಾತು. ಅದನ್ನು ಕಡಿಮೆ ಅಂತ ನಾನು ಹೇಳಲಾರೆ.

1940ರ ದಶಕದಲ್ಲಿ ಡ್ಯಾಪ್ಸೋನ್ ಗುಂಪಿನ ಔಷಧಿಗಳು ಬಂದವು. ರೋಗಾಣುವನ್ನು ಹತೋಟಿಗೆ ತರಲು ಸಾಧ್ಯವಾಯಿತು. ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟುವಿನಲ್ಲಿ ಕುಷ್ಠ ತಜ್ಞ ರಾಬರ್ಟ್ ಕಾಕ್ರೇನ್ ಈ ಔಷಧಿ ಕೊಡುತ್ತಿದ್ದರು. ಆದರೆ ಆಗಲೇ ಮಡಚಿಹೋದ ಬೆರಳು, ಮುಚ್ಚದ ಕಣ್ಣು, ಕುಸಿದ ಮೂಗು, ಅಂಗಾಲಿನ ಹುಣ್ಣು ಇವೆಲ್ಲ ಹಾಗೇ ಉಳಿದವು. ರೋಗ ಹೋದರೂ ರೋಗದ ಗುರುತು ಹೋಗಲಿಲ್ಲ. ಜನ ಹೆದರುತ್ತಿದ್ದದ್ದು ಆ ಗುರುತಿಗೆ.

ಈ ಹೊತ್ತಿಗೆ, 1946ರಲ್ಲಿ, ವೆಲ್ಲೂರಿಗೆ ಪಾಲ್ ಬ್ರ್ಯಾಂಡ್ ಬಂದರು. ಅವರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ. ಅಪ್ಪ ಜೆಸ್ಸಿ, ಅಮ್ಮ ಎವಲಿನ್ ಇಬ್ಬರೂ ಅಲ್ಲಿ ಮಿಷನರಿಗಳು. ಒಂಬತ್ತನೇ ವಯಸ್ಸಿನಲ್ಲಿ ಪಾಲ್ ಓದಲು ಇಂಗ್ಲೆಂಡಿಗೆ ಹೋದರು. ಅಪ್ಪ 1929ರಲ್ಲಿ ಬೆಟ್ಟದ ಮೇಲೆ ಜ್ವರದಿಂದ ತೀರಿಕೊಂಡರು. ಮಗ ಅವರನ್ನು ಮತ್ತೆ ನೋಡಲೇ ಇಲ್ಲ. ಅಪ್ಪನ ಹಾಗೆ ಮಿಷನರಿಯಾಗಿ ಮನೆ, ಶಾಲೆ ಕಟ್ಟಬೇಕು ಅಂದುಕೊಂಡು ಪಾಲ್ ಮೊದಲು ಕಟ್ಟಡದ ಕೆಲಸ, ಬಡಗಿ ಕೆಲಸ ಕಲಿತರು. ಡಾಕ್ಟರ್ ಓದಿದ್ದು ಆಮೇಲೆ. ಯುದ್ಧದ ಕಾಲದ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತರು. ಮೊದಲು ಕಲಿತ ಬಡಗಿ ಕೆಲಸ ದಂಡವಾಯಿತು ಅಂತ ಯಾರಿಗಾದರೂ ಅನ್ನಿಸಬಹುದಿತ್ತು.

ಒಂದು ಹಿಡಿತ

ಮೂಳೆ ಮತ್ತು ಕೀಲಿನ ತಜ್ಞರು ಯಾರೂ ಕುಷ್ಠದ ಕಡೆ ತಿರುಗಿ ನೋಡಿಲ್ಲ ಅಂತ ಕಾಕ್ರೇನ್ ಅವರಿಗೆ ಬೇಸರವಿತ್ತು. ಅವರು ಬ್ರ್ಯಾಂಡ್ ಅವರನ್ನು ಚೆಂಗಲ್ಪಟ್ಟುವಿಗೆ ಕರೆದುಕೊಂಡು ಹೋದರು. ಅಲ್ಲಿ ಬ್ರ್ಯಾಂಡ್ ಒಬ್ಬ ಯುವಕನ ಮಡಚಿದ ಕೈಯೊಳಗೆ ತಮ್ಮ ಕೈ ಇಟ್ಟು, ಗಟ್ಟಿಯಾಗಿ ಹಿಸುಕು ಅಂದರು. ಮೆತ್ತಗಿನ ಹಿಡಿತ ಇರುತ್ತದೆ ಅಂದುಕೊಂಡಿದ್ದರು. ಆ ಯುವಕ ಹಿಸುಕಿದ ಜೋರಿಗೆ ಅವರಿಗೆ ನೋವಾಯಿತು.

ನೋವಿನ ಜೊತೆಗೇ ಒಂದು ವಿಷಯ ಹೊಳೆಯಿತು. ಕೈ ಪೂರ್ತಿ ಸತ್ತಿಲ್ಲ. ಬಲ ಇದೆ. ಹಾಗಾದರೆ ಯಾವ ಸ್ನಾಯು ಸತ್ತಿದೆ, ಯಾವುದು ಉಳಿದಿದೆ?

ಅವರು ನೂರಾರು ಕೈಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲದರಲ್ಲೂ ಒಂದೇ ರೀತಿ ಕಂಡಿತು. ಮೊಣಕೈ, ಮಣಿಕಟ್ಟಿನ ಹತ್ತಿರ ಚರ್ಮದ ಕೆಳಗೇ ಹಾದುಹೋಗುವ ನರಗಳು ಕೆಡುತ್ತವೆ. ಅದರಿಂದ ಅಂಗೈಯ ಸಣ್ಣ ಸ್ನಾಯುಗಳು ಸೋಲುತ್ತವೆ. ಮುಂಗೈಯ ದೊಡ್ಡ ಸ್ನಾಯುಗಳು ಮಾತ್ರ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತವೆ. ಒಂದು ಕಡೆ ಎಳೆಯುವ ಸ್ನಾಯು ಇದೆ, ಅದಕ್ಕೆ ಎದುರಾಗಿ ನಿಲ್ಲುವುದು ಇಲ್ಲ. ಬೆರಳು ಮಡಚಿಕೊಳ್ಳುವುದು ಅದಕ್ಕೇ. ಉಳಿದಿರುವ ಒಂದು ಸ್ನಾಯುವಿನ ಎಳೆಯನ್ನು ತಂದು ಬೆರಳಿಗೆ ಬೇರೆ ರೀತಿ ಜೋಡಿಸಿದರೆ ಬೆರಳು ಬಿಚ್ಚಬಹುದು. ಪೋಲಿಯೋ ಬಂದವರಿಗೆ, ಗಾಯಗೊಂಡ ಸೈನಿಕರಿಗೆ ಇಂಥ ಚಿಕಿತ್ಸೆ ಮಾಡುತ್ತಿದ್ದರು. ಕುಷ್ಠ ತಗುಲಿದ ಮಾಂಸ ಮಾಯುವುದೇ ಇಲ್ಲ ಅನ್ನುವ ನಂಬಿಕೆಯಿಂದ ಇವರಿಗೆ ಮಾಡುತ್ತಿರಲಿಲ್ಲ.

ಆ ನಂಬಿಕೆ ಸುಳ್ಳಾಯಿತು. ಗಾಯ ಎಲ್ಲರಿಗೆ ಮಾಯುವ ಹಾಗೇ ಇವರಿಗೂ ಮಾಯಿತು. ಪ್ಲಾಸ್ಟರ್ ತೆಗೆದ ಮೇಲೆ ವಾರಗಟ್ಟಲೆ ಫಿಸಿಯೊಥೆರಪಿ. ಬೇರೆ ಕೆಲಸಕ್ಕಿದ್ದ ಸ್ನಾಯುವಿಗೆ ಹೊಸ ಕೆಲಸ ಕಲಿಸಬೇಕಲ್ಲ, ಅದಕ್ಕೆ ತಾಳ್ಮೆ ಬೇಕು. ರೋಗಿಗೂ ಬೇಕು, ಕಲಿಸುವವರಿಗೂ ಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯೇಸು ಕುಷ್ಠರೋಗಿಯನ್ನು ಗುಣಪಡಿಸಿದ ಪ್ರಸಂಗ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಅಲ್ಲಿ ಯೇಸು ಕೈ ಚಾಚಿ ಅವನನ್ನು ಮೊದಲು ಮುಟ್ಟುತ್ತಾನೆ, ಗುಣವಾಗುವುದು ಆಮೇಲೆ. ಕಾಯಿಲೆ ಇನ್ನೂ ಮೈಮೇಲೆ ಇರುವಾಗಲೇ ಮುಟ್ಟುತ್ತಾನೆ. ವೆಲ್ಲೂರಿನಲ್ಲಿ ಆದದ್ದನ್ನು ಓದುವಾಗ ನನಗೆ ಜಾಸ್ತಿ ಕಾಣುವುದು ಈ ಮುಟ್ಟುವಿಕೆ. ನೂರಾರು ಕೈಗಳನ್ನು ಹಿಡಿದು, ಬೆರಳು ಬೆರಳಾಗಿ ಮಡಚಿ ಬಿಚ್ಚಿ ನೋಡದಿದ್ದರೆ ಆ ಸ್ನಾಯುವಿನ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. ಅಲ್ಲಿ ಕನಿಕರ ಮತ್ತು ವಿದ್ಯೆ ಬೇರೆಬೇರೆ ಆಗಿರಲಿಲ್ಲ.

ದೂರು

ಈಗ ಮೊದಲು ಹೇಳಿದ ದೂರಿಗೆ ಬರೋಣ.

ಭಿಕ್ಷೆ ಬೇಡಿ ಬದುಕುವವರಿಗೆ ಮಡಚಿದ ಕೈಯೇ ಬಂಡವಾಳ. ಅದನ್ನು ನೋಡಿ ಮರುಗಿ ಜನ ಕಾಸು ಹಾಕುತ್ತಾರೆ. ವೈದ್ಯರು ಆ ಕೈಯನ್ನು ನೆಟ್ಟಗೆ ಮಾಡಿದರು. ಕಾಸು ನಿಂತಿತು. ಅದರ ಬದಲಿಗೆ ಬರಬೇಕಾಗಿದ್ದ ಕೂಲಿ ಬರಲಿಲ್ಲ, ಯಾಕೆಂದರೆ ಊರಿನವರಿಗೆ ಅವರ ಹಳೆಯ ಕಥೆ ಗೊತ್ತಿತ್ತು. ಬಾಡಿಗೆಗೆ ಮನೆಯೂ ಸಿಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆ ಗೆದ್ದಿತ್ತು, ಮನುಷ್ಯ ಮೊದಲಿಗಿಂತ ಕಷ್ಟಕ್ಕೆ ಬಿದ್ದಿದ್ದ.

ಇಂಥ ಹೊತ್ತಿನಲ್ಲಿ ಸೇವೆ ಮಾಡುವವರ ಮನಸ್ಸು ಎರಡು ಕಡೆ ಎಳೆಯುತ್ತದೆ. "ನಮ್ಮ ಕೆಲಸ ನಾವು ಮಾಡಿದ್ದೇವೆ, ಮುಂದಿನದು ದೇವರ ಚಿತ್ತ" ಅನ್ನುವುದು ಒಂದು. "ಇಷ್ಟು ಮಾಡಿದರೂ ಕೃತಜ್ಞತೆ ಇಲ್ಲ" ಅನ್ನುವುದು ಇನ್ನೊಂದು. ಎರಡೂ ಮಾತನ್ನು ನಾವು ಸಭೆಗಳಲ್ಲಿ ಕೇಳಿದ್ದೇವೆ. ಮೊದಲನೆಯದು ಭಕ್ತಿಯ ಮಾತಿನ ಹಾಗೆ ಕೇಳುತ್ತದೆ, ಅದಕ್ಕೇ ಅದು ಜಾಸ್ತಿ ಅಪಾಯ. ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಇದೇ ಜಾಗಕ್ಕೆ ಬೆರಳಿಡುತ್ತದೆ: ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ಬೇಕಾದದ್ದು ಕೊಡದೆ, ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ ಅಂದರೆ ಏನು ಪ್ರಯೋಜನ?

ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ಆ ದೂರನ್ನು ಚಿಕಿತ್ಸೆಯ ಭಾಗ ಅಂತಲೇ ತೆಗೆದುಕೊಂಡರು. ಕೈ ಕೆಲಸ ಮಾಡಿದರೆ ಸಾಲದು, ಆ ಕೈಗೆ ಕೆಲಸ ಇರಬೇಕು. ಹೀಗೆ 1950ರ ಆಸುಪಾಸಿನಲ್ಲಿ ಕಾಲೇಜಿನ ಆವರಣದಲ್ಲೇ ಗುಡಿಸಲುಗಳ ಒಂದು ಪುಟ್ಟ ಹಳ್ಳಿ ಎದ್ದಿತು. ವಯಸ್ಸಾದ ಒಬ್ಬ ಮಿಷನರಿ ಮಹಿಳೆ ತಮ್ಮ ಉಳಿತಾಯದ ಹಣವನ್ನು ಅದಕ್ಕೆ ಕೊಟ್ಟರು. ಹೆಸರು ನವಜೀವ ನಿಲಯಂ.

ಹಳ್ಳಿಯ ಹಾಗೇ ಕಟ್ಟಿದ್ದು ಸುಮ್ನೆ ಅಲ್ಲ. ಇಲ್ಲಿಂದ ಅವರು ಊರಿಗೆ ಹೋಗಬೇಕು. ಊರಿನಲ್ಲಿ ಆಸ್ಪತ್ರೆಯ ಮಂಚ, ನರ್ಸು, ವಾರ್ಡು ಇರುವುದಿಲ್ಲ. ಹಾಗಾಗಿ ಮಣ್ಣಿನ ಗೋಡೆಯ ನಡುವೆ, ತಾವೇ ಅಡುಗೆ ಮಾಡಿಕೊಂಡು, ತಮ್ಮ ಕೈಕಾಲು ತಾವೇ ನೋಡಿಕೊಳ್ಳುವುದನ್ನು ಕಲಿಯಬೇಕಿತ್ತು. ಅದರ ಜೊತೆಗೆ ಒಂದು ಕಸುಬು. ಬಡಗಿ ಕೆಲಸವನ್ನು ಬ್ರ್ಯಾಂಡ್ ತಾವೇ ಕಲಿಸಿದರು. ಲಂಡನ್ನಿನಲ್ಲಿ ಕಲಿತ ಉಳಿ, ಗರಗಸದ ವಿದ್ಯೆ ಇಲ್ಲಿ ಕೈಗೆ ಬಂತು. ಮರದ ಆಟಿಕೆಗಳು ತಯಾರಾದವು. ಅವನ್ನು ಮಾರಿ ಅವರು ಕಾಸು ನೋಡಿದರು.

ಬಡಗಿಖಾನೆಯಲ್ಲಿ ಗೊತ್ತಾದದ್ದು

ಆ ಹಳ್ಳಿ ಕಟ್ಟದಿದ್ದರೆ ವೈದ್ಯಶಾಸ್ತ್ರಕ್ಕೆ ಒಂದು ದೊಡ್ಡ ಸತ್ಯ ಇನ್ನೂ ಎಷ್ಟೋ ಕಾಲ ಸಿಗುತ್ತಿರಲಿಲ್ಲವೇನೋ.

ಕುಷ್ಠ ಬಂದರೆ ಬೆರಳು ಕೊಳೆತು ಉದುರುತ್ತದೆ ಅಂತ ಎಲ್ಲರೂ ನಂಬಿದ್ದರು. ಡಾಕ್ಟರುಗಳೂ ಅಷ್ಟೇ. ನವಜೀವ ನಿಲಯಂನಲ್ಲಿ ಕೆಲಸ ಕಲಿಯುತ್ತಿದ್ದವರ ಕೈಗಳನ್ನು ದಿನವೂ ನೋಡುವ ಅವಕಾಶ ಸಿಕ್ಕಿತು. ಗಾಯ ಆಗುತ್ತಲೇ ಇತ್ತು. ಒಂದೊಂದು ಗಾಯಕ್ಕೂ ಕಾರಣ ಹುಡುಕಿದರು. ಹುಡುಕಿದರೆ ಪ್ರತಿ ಸಲವೂ ಏನೋ ಒಂದು ಸಿಕ್ಕಿತು. ಸುತ್ತಿಗೆಯ ಹಿಡಿಯಲ್ಲಿ ಸಿಬಿರು ಎದ್ದಿದೆ. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿದ್ದಾರೆ. ತುಕ್ಕು ಹಿಡಿದ ಬೀಗವನ್ನು ಒಬ್ಬ ಹುಡುಗ ಜೋರಾಗಿ ತಿರುಗಿಸಿದ, ಬೀಗ ತೆರೆಯಿತು, ಬೆರಳು ಮೂಳೆಯ ತನಕ ಕೊಯ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ರಾತ್ರಿ ಮಲಗಿದ್ದಾಗ ಬೆರಳಿನ ತುದಿ ಹೋಗುತ್ತಿತ್ತು. ಕಾದು ನೋಡಿದರೆ, ಇಲಿಗಳು ಕಡಿಯುತ್ತಿದ್ದವು. ನೋವಿಲ್ಲದ್ದರಿಂದ ಮಲಗಿದವರಿಗೆ ಎಚ್ಚರವಾಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗುವ ರೋಗಿಗಳ ಜೊತೆ ಒಂದು ಬೆಕ್ಕನ್ನೂ ಕಳಿಸುವುದು ರೂಢಿಯಾಯಿತು.

ಅಂದರೆ ಬೆರಳನ್ನು ರೋಗಾಣು ನೇರವಾಗಿ ತಿನ್ನುತ್ತಿರಲಿಲ್ಲ. ರೋಗಾಣು ನೋವಿನ ನರವನ್ನು ಕೊಲ್ಲುತ್ತಿತ್ತು. ನೋವು ಗೊತ್ತಾಗದ ಕೈ ದಿನನಿತ್ಯದ ಕೆಲಸದಲ್ಲೇ ಸವೆದುಹೋಗುತ್ತಿತ್ತು. ಹಾಗಾದರೆ ಇದನ್ನು ತಡೆಯಬಹುದು. ಉಪಕರಣದ ಹಿಡಿಗೆ ಮೆತ್ತೆ ಸುತ್ತಬಹುದು. ಪಾದಕ್ಕೆ ಒತ್ತಡ ಹಂಚುವ ಮೆತ್ತನೆಯ ಚಪ್ಪಲಿ ಮಾಡಬಹುದು. ದಿನಾ ಸಂಜೆ ಕೈಕಾಲು ತಿರುಗಿಸಿ ನೋಡಿಕೊಳ್ಳುವುದನ್ನು ಕಲಿಸಬಹುದು. ಇಂದು ಸರ್ಕಾರದ ಕುಷ್ಠ ನಿರ್ಮೂಲನಾ ಕಾರ್ಯಕ್ರಮದಲ್ಲಿ ಕೊಡುವ ಎಂಸಿಆರ್ (ಒಂದು ಬಗೆಯ ಮೆತ್ತನೆಯ ರಬ್ಬರಿನ) ಚಪ್ಪಲಿಯ ಹಿಂದೆ ಈ ತಿಳಿವಳಿಕೆಯೇ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೂ ಅದು ಉಪಯೋಗಕ್ಕೆ ಬಂತು.

ಈ ಸತ್ಯ ಸಿಕ್ಕಿದ್ದು ಬಡಗಿಖಾನೆಯಲ್ಲಿ, ಆಪರೇಷನ್ ಕೋಣೆಯಲ್ಲಿ ಅಲ್ಲ. ರೋಗಿಯನ್ನು ಊರಿಗೆ ಕಳಿಸಿ ಕೈ ತೊಳೆದುಕೊಂಡಿದ್ದರೆ ಸಿಗುತ್ತಿರಲಿಲ್ಲ. ಅವರ ಹೊಟ್ಟೆಪಾಡಿನ ಪ್ರಶ್ನೆಯನ್ನು ತಮ್ಮದು ಅಂತ ಒಪ್ಪಿಕೊಂಡದ್ದಕ್ಕೆ ಸಿಕ್ಕಿತು. ಇದನ್ನು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಹುಬ್ಬಿನ ವಿಷಯ

ಇನ್ನೊಂದು ಸಂಗತಿ ಸಣ್ಣದು, ಆದರೆ ಬಿಡುವ ಹಾಗಿಲ್ಲ. ಶಸ್ತ್ರಚಿಕಿತ್ಸಕರ ಕಣ್ಣಿಗೆ ಕೈ ಮುಖ್ಯ, ಕಾಲು ಮುಖ್ಯ. ರೋಗಿಗಳಿಗೆ ಹುಬ್ಬು ಮುಖ್ಯವಾಗಿತ್ತು. ಕುಷ್ಠದಿಂದ ಹುಬ್ಬಿನ ಕೂದಲು ಉದುರುತ್ತದೆ, ಮೂಗು ಕುಸಿಯುತ್ತದೆ. ಕೈಯನ್ನು ಬಟ್ಟೆಯಲ್ಲಿ ಮುಚ್ಚಬಹುದು, ಮುಖವನ್ನು ಹೇಗೆ ಮುಚ್ಚುವುದು? ಹುಬ್ಬಿಲ್ಲದ ಮುಖ ಕಂಡರೆ ಬಸ್ಸಿನಿಂದ ಇಳಿಸುವವರಿದ್ದರು, ಕೆಲಸ ಇಲ್ಲ ಅನ್ನುವವರಿದ್ದರು. ಮದುವೆಯ ಮಾತಂತೂ ದೂರವೇ ಉಳಿಯಿತು.

ವೆಲ್ಲೂರಿನವರು ಹುಬ್ಬನ್ನೂ ಕಟ್ಟಿಕೊಟ್ಟರು. ತಲೆಯ ಕೂದಲಿರುವ ಚರ್ಮವನ್ನು ತಂದು ಹುಬ್ಬಿನ ಜಾಗಕ್ಕೆ ಜೋಡಿಸಿದರು. ಕುಸಿದ ಮೂಗನ್ನು ಎತ್ತಿದರು. ಬ್ರ್ಯಾಂಡ್ ಅವರ ಹೆಂಡತಿ ಡಾ. ಮಾರ್ಗರೆಟ್ ಕಣ್ಣಿನ ಕೆಲಸ ನೋಡಿಕೊಂಡರು. ರೆಪ್ಪೆ ಮುಚ್ಚದೆ ಕಣ್ಣು ಒಣಗಿ ಕುರುಡಾಗುತ್ತಿದ್ದವರಿಗೆ, ಅಗಿಯುವ ಸ್ನಾಯುವಿನ ಎಳೆಯನ್ನು ರೆಪ್ಪೆಗೆ ಜೋಡಿಸುತ್ತಿದ್ದರು. ದವಡೆ ಆಡಿಸಿದರೆ ರೆಪ್ಪೆ ಮುಚ್ಚುತ್ತಿತ್ತು.

ಹುಬ್ಬು ಬಂದರೆ ಆಯುಸ್ಸು ಜಾಸ್ತಿಯಾಗುವುದಿಲ್ಲ. ಆದರೆ ಏನು ಬೇಕು ಅಂತ ಹೇಳುವ ಹಕ್ಕು ಬಡವರಿಗೂ ಇದೆ ಅಲ್ವಾ? ಬರ್ತಿಮಾಯನೆಂಬ ಕುರುಡನನ್ನು ಯೇಸು, ನಾನು ನಿನಗೆ ಏನು ಮಾಡಬೇಕು ಅಂತ ಕೇಳುತ್ತಾನೆ. ಕಣ್ಣಿಲ್ಲದವನಿಗೆ ಏನು ಬೇಕು ಅನ್ನುವುದು ಕಾಣುತ್ತಲೇ ಇತ್ತು. ಆದರೂ ಕೇಳುತ್ತಾನೆ.

ಸೇವೆ ಮಾಡುವವರು ಯಾರು

1954ರಲ್ಲಿ ಇದೇ ಆಸ್ಪತ್ರೆಯ ಯುವ ವೈದ್ಯೆ ಮೇರಿ ವರ್ಗೀಸ್ ಒಂದು ವಾಹನ ಅಪಘಾತಕ್ಕೆ ಸಿಕ್ಕರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಮುಖಕ್ಕೆ ಗಾಯದ ಗುರುತು ಉಳಿಯಿತು. ಇನ್ನು ವೈದ್ಯಕೀಯ ಮುಗಿಯಿತು ಅಂದುಕೊಂಡಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಅಂತ ಮೇರಿ ಅವರಿಗೆ ಬ್ರ್ಯಾಂಡ್ ಹೇಳಿದರು. ಮೇರಿ ಗಾಲಿಕುರ್ಚಿಯಲ್ಲಿ ಕೂತು ಕುಷ್ಠ ರೋಗಿಗಳ ಕೈಗಳನ್ನು ಸರಿಮಾಡಿದರು. ತಾನೇ ಪೆಟ್ಟು ತಿಂದ ವೈದ್ಯೆ ಎದುರಿಗೆ ಬಂದಾಗ ರೋಗಿಗಳ ಮುಖದಲ್ಲಿ ಬೇರೆಯೇ ಭರವಸೆ ಕಾಣುತ್ತಿತ್ತಂತೆ. ಆಮೇಲೆ ಅವರು ವಿದೇಶದಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. ಅಂಗಸ್ವಾಧೀನ ಕಳೆದುಕೊಂಡವರಿಗಾಗಿ ವೆಲ್ಲೂರಿನಲ್ಲಿ 1966ರಲ್ಲಿ ಪುನರ್ವಸತಿ ಕೇಂದ್ರ ತೆರೆಯಲು ಕಾರಣರಾದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮಲ್ಲಿ ಸೇವೆ ಅಂದರೆ ಇದ್ದವರು ಇಲ್ಲದವರಿಗೆ ಕೊಡುವುದು ಅನ್ನುವ ಕಲ್ಪನೆ ಗಟ್ಟಿಯಾಗಿದೆ. ಮೇರಿ ಅವರ ಬದುಕು ಆ ಗೆರೆಯನ್ನು ಅಳಿಸುತ್ತದೆ. ನಮ್ಮ ಸಭೆಯಲ್ಲಿ ಸಹಾಯ ಪಡೆಯುವವರ ಪಟ್ಟಿಯಲ್ಲಿ ಇರುವವರಿಗೆ ಸೇವೆಯ ಜವಾಬ್ದಾರಿ ಕೊಡಲು ನಾವು ಯಾಕೆ ಹಿಂಜರಿಯುತ್ತೇವೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ನಂಬಿಕೆಯ ಜಾಗ ಎಲ್ಲಿ

ಈ ಕೆಲಸ ಬರೀ ವೈದ್ಯಕೀಯ, ಇದರಲ್ಲಿ ಕ್ರೈಸ್ತ ನಂಬಿಕೆ ಎಲ್ಲಿ ಅಂತ ಕೆಲವರು ಕೇಳಬಹುದು. ಇನ್ನು ಕೆಲವರು ಬೇರೆ ಕಡೆಯಿಂದ, ಸೇವೆಯ ನೆಪದಲ್ಲಿ ಮತಾಂತರ ಮಾಡುತ್ತಾರೆ ಅಂತ ಅನುಮಾನಿಸಬಹುದು. ಇಬ್ಬರಿಗೂ ಈ ಪ್ರಕರಣದಲ್ಲೇ ಉತ್ತರ ಇದೆ ಅಂತ ನನ್ನ ಎಣಿಕೆ.

ಬ್ರ್ಯಾಂಡ್ ತಮ್ಮ ನಂಬಿಕೆಯನ್ನು ಎಂದೂ ಮುಚ್ಚಿಡಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದರು, ಬೋಧಿಸುತ್ತಿದ್ದರು. ಸಮಾಜ ಹೊರಗಿಟ್ಟ ಮನುಷ್ಯನಲ್ಲೂ ದೇವರ ರೂಪ ಇದೆ ಅನ್ನುವುದನ್ನು ಅಕ್ಷರಶಃ ನಂಬಿದ್ದರು. ಆ ನಂಬಿಕೆ ಇಲ್ಲದಿದ್ದರೆ ಲಂಡನ್ನಿನಲ್ಲಿ ಕಲಿತ ಶಸ್ತ್ರಚಿಕಿತ್ಸಕ ಮಣ್ಣಿನ ಗುಡಿಸಲಲ್ಲಿ ಭಿಕ್ಷುಕರಿಗೆ ಉಳಿ ಹಿಡಿಯಲು ಕಲಿಸುತ್ತಾ ನಿಲ್ಲುತ್ತಿದ್ದರೇ? ಆದರೆ ಕೈ ಸರಿಮಾಡಿದ್ದಕ್ಕೆ ಪ್ರತಿಯಾಗಿ ನಂಬಿಕೆ ಕೇಳಿದರೆ ಅದು ವ್ಯಾಪಾರವಾಗುತ್ತದೆ. ವೆಲ್ಲೂರಿನ ಆಸ್ಪತ್ರೆ ಎಲ್ಲ ಧರ್ಮದವರಿಗೂ ಬಾಗಿಲು ತೆರೆದಿತ್ತು, ಈಗಲೂ ತೆರೆದಿದೆ. ಕಲಿತ ವಿದ್ಯೆಯನ್ನೂ ಬಚ್ಚಿಡಲಿಲ್ಲ. 1955ರಲ್ಲಿ ಹತ್ತಿರದ ಕರಿಗಿರಿಯಲ್ಲಿ ಕುಷ್ಠ ಸಂಶೋಧನೆ ಮತ್ತು ಚಿಕಿತ್ಸೆಯ ಕೇಂದ್ರ ಶುರುವಾಯಿತು. ಬೇರೆ ಬೇರೆ ದೇಶಗಳಿಂದ ವೈದ್ಯರು, ಫಿಸಿಯೊಥೆರಪಿಸ್ಟರು, ಚಪ್ಪಲಿ ಮಾಡುವವರು ಅಲ್ಲಿಗೆ ಬಂದು ಕಲಿತು ಹೋದರು. 1966ರಲ್ಲಿ ಬ್ರ್ಯಾಂಡ್ ಅಮೆರಿಕಕ್ಕೆ ಹೋದ ಮೇಲೂ ಇಲ್ಲಿನ ಕೆಲಸ ನಿಲ್ಲಲಿಲ್ಲ.

ಅವರ ಅಮ್ಮ ಎವಲಿನ್ ಅವರದು ಇನ್ನೊಂದು ರೀತಿ. ಮಿಷನ್ನಿನಿಂದ ನಿವೃತ್ತಿಯಾದರೂ ಅವರು ಇಂಗ್ಲೆಂಡಿಗೆ ಹೋಗಲಿಲ್ಲ. ತಮಿಳುನಾಡಿನ ಬೆಟ್ಟದ ಹಳ್ಳಿಗಳಲ್ಲೇ ಕುದುರೆಯ ಮೇಲೆ ಓಡಾಡುತ್ತಾ ಸೇವೆ ಮಾಡಿದರು. 1974ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡರು.

ಮುಗಿಯದ ಭಾಗ

ಈ ಪ್ರಕರಣವನ್ನು ಪೂರ್ತಿ ಗೆಲುವು ಅಂತ ಬರೆಯುವುದು ಸರಿಯಲ್ಲ. ನವಜೀವ ನಿಲಯಂನಲ್ಲಿ ಒಂದು ಸಲಕ್ಕೆ ಇರಬಹುದಾಗಿದ್ದವರು ಕೆಲವೇ ಜನ. ಹೊರಗೆ ಲಕ್ಷಾಂತರ ಜನ ಇದ್ದರು. ಕಸುಬು ಕಲಿತವರಿಗೂ ಅವರ ಸಾಮಾನು ಕೊಳ್ಳುವವರು ಬೇಕಿತ್ತು, ಜಾಗ ಕೊಡುವವರು ಬೇಕಿತ್ತು. ವೈದ್ಯರು ಕೈಯನ್ನು ಬದಲಾಯಿಸಬಲ್ಲರು. ಊರಿನ ಮನಸ್ಸನ್ನು ಬದಲಾಯಿಸುವುದು ಊರಿನವರ ಕೆಲಸ.

ಆ ಕೆಲಸ ಬಹಳ ನಿಧಾನವಾಗಿ ನಡೆದಿದೆ. 1980ರ ದಶಕದಿಂದ ಬಹು ಔಷಧ ಚಿಕಿತ್ಸೆ ಬಂದು ಕುಷ್ಠ ಪೂರ್ತಿ ಗುಣವಾಗುವ ಕಾಯಿಲೆಯಾಯಿತು. ಔಷಧಿ ಉಚಿತ. ಮೊದಲ ಸುತ್ತಿನ ಔಷಧಿ ತೆಗೆದುಕೊಂಡ ಸ್ವಲ್ಪ ದಿನಗಳಲ್ಲೇ ಅದು ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. 2005ರ ಕೊನೆಗೆ ಭಾರತದಲ್ಲಿ ಪ್ರಕರಣಗಳು 10,000 ಜನರಿಗೆ ಒಂದಕ್ಕಿಂತ ಕಡಿಮೆಯಾದವು. ಹಾಗಿದ್ದರೂ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂದಿಗೂ ನಮ್ಮ ದೇಶದಲ್ಲೇ ಪತ್ತೆಯಾಗುತ್ತವೆ. 1898ರ ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠ ಇದ್ದರೆ ವಿಚ್ಛೇದನ ಪಡೆಯಬಹುದು ಅನ್ನುವ ಅಂಶ 2019ರ ತನಕ ನಾಲ್ಕು ಕಾನೂನುಗಳಲ್ಲಿತ್ತು. ಅದರಲ್ಲಿ ಒಂದು, ಕ್ರೈಸ್ತರ ಮದುವೆಗಳಿಗೆ ಅನ್ವಯವಾಗುವ 1869ರ ವಿಚ್ಛೇದನ ಕಾಯ್ದೆ. ಸುಖದಲ್ಲೂ ಕಾಯಿಲೆಯಲ್ಲೂ ಜೊತೆಗಿರುತ್ತೇವೆ ಅಂತ ಚರ್ಚಿನಲ್ಲಿ ಮಾತು ಕೊಟ್ಟವರ ಕಾನೂನು ಅದು. ಇದು ನಮಗೆ ನೋವು ಕೊಡಬೇಕು.

ಗುಣವಾದವರ ನೂರಾರು ಕಾಲೊನಿಗಳು ದೇಶದ ತುಂಬ ಇವೆ. ಕ್ರಿಸ್ಮಸ್ ಹೊತ್ತಿಗೆ ಕೇಕು, ಕಂಬಳಿ ಹಿಡಿದು ಅಲ್ಲಿಗೆ ಹೋಗುವ ಸಭೆಗಳಿವೆ. ಹೋಗಲಿ, ಅದು ಒಳ್ಳೆಯದೇ. ಆದರೆ ಹೋದಾಗ ಅಲ್ಲಿನ ಹಿರಿಯರ ಜೊತೆ ನೆಲದ ಮೇಲೆ ಕೂತು, ಏನು ಬೇಕು ಅಂತ ಕೇಳಬೇಕು. ಒಬ್ಬರಿಗೆ ಪಾದದ ಹುಣ್ಣಿಗೆ ವಾರಕ್ಕೊಮ್ಮೆ ಪಟ್ಟಿ ಕಟ್ಟುವವರು ಬೇಕಿರಬಹುದು. ಇನ್ನೊಬ್ಬರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕಿರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕುಷ್ಠದಿಂದ ಗುಣವಾದವರೂ ಸೇರಿದ್ದಾರೆ, ಆದರೆ ಕಚೇರಿಗೆ ಜೊತೆಯಲ್ಲಿ ಬರುವವರಿಲ್ಲದೆ ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ. ಮತ್ತೊಬ್ಬರ ಮಗಳು ಡಿಗ್ರಿ ಮುಗಿಸಿ, ಕಾಲೊನಿಯ ವಿಳಾಸ ನೋಡಿದ ಕೂಡಲೇ ಬೇಡ ಅನ್ನುವವರ ನಡುವೆ ಕೆಲಸ ಹುಡುಕುತ್ತಿರಬಹುದು. ನಮ್ಮ ಸಭೆಗಳಲ್ಲಿ ಅಂಗಡಿ ನಡೆಸುವವರು, ಶಾಲೆ ನಡೆಸುವವರು, ಆಸ್ಪತ್ರೆಯ ಆಡಳಿತದಲ್ಲಿರುವವರು ಇದ್ದಾರೆ. ಆ ಮಗಳಿಗೆ ಕೆಲಸ ಕೊಡಲು ಅವರಿಗೆ ಯಾವ ಶಸ್ತ್ರಚಿಕಿತ್ಸೆಯ ವಿದ್ಯೆಯೂ ಬೇಕಿಲ್ಲ.